ಗೇಣಿಗಿಂತ ಕಡಿಮೆ

ಮಾಗಿ ಬಂತು, ಇನ್ನು ಹೊದಿಕೆ ಹಾಕಿ ಮಲಗಿಸಿ ಮೇಡಂ,
ಅಂದರು ಖಲಂದರ್ ಸಾಬರು,
ಆಟೋ ಕಾಂಪ್ಲೆಕ್ಸಿನ ಕೊನೇ ಶೆಡ್ಡಿನಲ್ಲಿ
ಗ್ರೀಸಿನ ಬೆರಳಿಂದ ಗಾಳಿಗೊಂದು ಗೆರೆ ಎಳೆದು.
ಚಳಿ ಶಿವಶಿವಾ ಅಂತ ಓಡಿದ ಮೇಲೆ ಎಬ್ಬಿಸಿದರಾಯಿತು.

ಮಳೆಗಾಲದಲ್ಲೂ ಇದನ್ನೇ ಹೇಳಿದ್ದರು,
ಆರಿದ್ರೆಗೆ ಒಮ್ಮೆ, ಪುನರ್ವಸುವಿಗೆ ಇನ್ನೊಮ್ಮೆ.
ಬೇಸಿಗೆಗೆ ರೇಡಿಯೇಟರಿನ ನೆಪ.
ಹಾಗೆ ಲೆಕ್ಕ ಹಾಕುತ್ತ ಹೋದರೆ
ಶಿವಮೊಗ್ಗದಲ್ಲಿ ಈ ಗಾಡಿ ಓಡಿಸಲು ಉಳಿಯುವುದು
ದೀಪಾವಳಿಯ ಆಚೀಚೆ ಹನ್ನೊಂದು ದಿನ.

ಪಾಲಿಯೊ. ಎರಡು ಸಾವಿರದ ಮೂರರದ್ದು.
ನನಗಿಂತ ಮೊದಲು ಮೂವರ ಕೈ ದಾಟಿದ್ದು.
ಅವರಲ್ಲೊಬ್ಬ, ಯಾರೋ ಪುಣ್ಯಾತ್ಮ,
ಸ್ಪ್ರಿಂಗು ಕತ್ತರಿಸಿ ನೆಲಕ್ಕಿಳಿಸಿದ್ದಾನೆ.
ಹೊಟ್ಟೆಗೂ ಡಾಂಬರಿಗೂ ನಡುವೆ
ಗೇಣಿಗಿಂತ ಕಡಿಮೆ.
ಕೆಂಪು ಹೋಗಿ ಒಣಗಿದ ಮುರುಗಲ ಸಿಪ್ಪೆಯ ಬಣ್ಣ.
ದಾರಿಯ ಪ್ರತಿ ಹಂಪಿಗೂ ಸೈಲೆನ್ಸರು
ಹಣೆ ಹಚ್ಚಿ ನಮಸ್ಕರಿಸಿಯೇ ಮುಂದಕ್ಕೆ.

ನಾನು ಐವತ್ತೆರಡರವಳು,
ತೀರ್ಥಹಳ್ಳಿಯಲ್ಲಿ ಎಕ್ಸರೆ ತೆಗೆಯುವವಳು.
ಇಪ್ಪತ್ತಾರು ವರ್ಷ ಕಂಡವರಿಗೆಲ್ಲ
ಉಸಿರು ಹಿಡೀರಿ, ಬಿಡಿ, ಅಂದವಳು.
ನನ್ನದೂ ಒಂದು ಉಸಿರು ಇತ್ತಲ್ಲ,
ಅದನ್ನು ಗಾಜನೂರು ದಾಟಿದ ಮೇಲೆ
ನಾಲ್ಕನೇ ಗೇರಿನಲ್ಲಿ ಬಿಡುತ್ತೇನೆ.

ಈ ವಯಸ್ಸಿಗೆ ಇದು ಬೇಕಾ ವಸುಮತಿ?
ಬೇಕು ಅಂದವರಿಗೆ ಕಾರಣ ಕೇಳುತ್ತಾರೆ.
ಬೇಡ ಅಂದವರನ್ನು ಯಾರೂ ಕೇಳುವುದಿಲ್ಲ.

ಪುಷ್ಯದ ಬೆಳಗು, ಐದೂಕಾಲು.
ಕೀ ತಿರುಗಿಸಿದರೆ ಮೊದಲಿಗೆ ಕೆಮ್ಮು,
ಆಮೇಲೆ ಒಂದು ಬೈಗುಳ,
ಮೂರನೆಯದಕ್ಕೆ, ಸರಿ, ನಡಿ.
ಹೀಟರು ನನ್ನ ಬಲಮೊಣಕಾಲನ್ನಷ್ಟೇ ಬಲ್ಲದು;
ಉಳಿದ ಮೈ ತನ್ನ ಪಾಡು ತಾನು ನೋಡಿಕೊಳ್ಳಬೇಕು.
ನಿನ್ನೆಯ ಪೇಪರಿನಿಂದ ಗಾಜು ಒರೆಸಿ ಹೊರಟೆ.

ಸಕ್ರೆಬೈಲಿನ ತಿರುವಿಗೆ ರಸ್ತೆ ಮುಗಿಯಿತು.
ಹಿನ್ನೀರಿನ ಕಡೆಯಿಂದ ಎದ್ದ ಕಾವಳ
ಕೆಟ್ಟುಹೋದ ಪ್ಲೇಟಿನ ಹಾಗೆ ಬರೀ ಬಿಳಿ.
ಗಾಜಿನ ಸಂದಿಯಲ್ಲಿ ಆನೆ ಲದ್ದಿಯ ಹಸಿ ವಾಸನೆ,
ಬಿಡಾರ ಇಲ್ಲೇ ಎಲ್ಲೋ ಇದೆ ಅನ್ನುವುದಕ್ಕೆ
ಅದೊಂದೇ ಸಾಕ್ಷಿ.

ಓಂಕಾರಪ್ಪನ ಬಸ್ಸು ಕಣ್ಣು ಮಿಟುಕಿಸುತ್ತ ಬದಿಗೆ ನಿಂತಿತ್ತು,
ಅದರ ಬಾಲಕ್ಕೆ ಹಾಲಿನ ವ್ಯಾನು.
ಇದೇ ಓಂಕಾರಪ್ಪ ಹೋದ ತಿಂಗಳು ಕ್ಯಾಂಟೀನಿನಲ್ಲಿ
ಇದು ಕಾಲಿಗೆ ಹಾಕ್ಕೊಳೋದಾ ಮೇಡಂ,
ಒಳಗೆ ಕೂರೋದಾ, ಅಂದಿದ್ದ.
ಇಡ್ಲಿ ತಿನ್ನುತ್ತಿದ್ದವರೆಲ್ಲ ನಕ್ಕಿದ್ದರು. ನಾನೂ.

ಅವನು ಎತ್ತರದಲ್ಲಿ ಕೂತವನು,
ಎತ್ತರಕ್ಕೆ ಅದು ಗೋಡೆ.
ನಾನು ಮಣೆ ಹಾಕಿ ಊಟಕ್ಕೆ ಕೂತವಳ ಹಾಗೆ.
ಗದ್ದ ಸ್ಟೀರಿಂಗಿಗೆ ತಾಗಿಸಿ ಇನ್ನಷ್ಟು ಬಗ್ಗಿದೆ.
ಅಲ್ಲಿ, ಕಾವಳದ ಅಂಚು ನೆಲಕ್ಕೆ ತಾಗದೆ
ಎರಡು ಮೊಳ ಮೇಲಿದ್ದ ಆ ಸಂದಿಯಲ್ಲಿ
ಹಳದಿ ಲೈಟು ನುಸುಳಿ ಹೋಗಿ
ನಡುಗೆರೆ ತೋರಿತು, ಒಂದೊಂದೇ ತುಂಡು,
ಬೆನ್ನುಮೂಳೆಯ ಮಣಿಗಳು ಪ್ಲೇಟಿನಲ್ಲಿ
ಮೂಡುತ್ತವಲ್ಲ, ಹಾಗೆ.

ಎರಡನೇ ಗೇರು. ಗಂಟೆಗೆ ಹದಿನೆಂಟು.
ಹಾರುವುದಕ್ಕೆಂದೇ ಹುಟ್ಟಿದ ಎಂಜಿನ್ನು
ಗಬ್ಬದ ಎಮ್ಮೆಯ ನಡಿಗೆಗೆ ಗುರುಗುಡುತ್ತ ಒಪ್ಪಿತು.
ಕನ್ನಡಿಯಲ್ಲಿ ನೋಡಿದೆ:
ಬಸ್ಸು ಹೊರಟಿದೆ ನನ್ನ ಹಿಂದೆ,
ಅದರ ಹಿಂದೆ ವ್ಯಾನು,
ಅದರ ಹಿಂದೆ ಯಾರದೋ ಬೈಕಿನ ಮಸುಕು.
ನಲವತ್ತು ಜನರ ನಿದ್ದೆ
ನನ್ನ ಎರಡು ಕೆಂಪು ದೀಪಗಳಿಗೆ ಕಟ್ಟಿಕೊಂಡು ಬರುತ್ತಿದೆ.
ಕೈ ಬೆವರಿತು, ಆ ಚಳಿಯಲ್ಲಿ.

ಮಂಡಗದ್ದೆ. ಹಕ್ಕಿಗಳಿಲ್ಲದ ಕಾಲ, ಬೋಳು ಮರ.
ಕಾವಳ ಅಲ್ಲಿ ತಾನಾಗೇ ಹರಿಯಿತು.
ಬಸ್ಸು ಪಕ್ಕಕ್ಕೆ ಬಂದು ದಾಟಿಕೊಂಡಿತು;
ಓಂಕಾರಪ್ಪ ಈ ಕಡೆ ನೋಡಲಿಲ್ಲ,
ಅರ್ಧ ಹಾರನ್ನು ಒತ್ತಿದ,
ಪೂರ್ತಿ ಒತ್ತಲು ನಾಚಿದವನ ಹಾಗೆ.

ಹೋಗಲಿ ಅಂತ ಬಿಟ್ಟೆ, ಒಂದು ತಿರುವಿನ ತನಕ.
ಆಮೇಲೆ ಮೂರನೇ ಗೇರು, ಪಾದ ಪೂರ್ತಿ,
ಬಸ್ಸಿನ ಕಿಟಕಿಗಳು ಒಂದೇ ಪಟ್ಟಿಯಾಗಿ ಹಿಂದಕ್ಕೆ,
ಎದುರಿಗೆ ಖಾಲಿ ರಸ್ತೆ, ನನ್ನ ಉಸಿರು,

ಮತ್ತು ಮರೆತೇ ಹೋಗಿದ್ದ ಶಾಲೆಯ ಹಂಪು.
ಕರ್ರ್ ಅಂತು ಸೈಲೆನ್ಸರು.
ಸಂಜೆ ಖಲಂದರ್ ಸಾಬರು
ಮತ್ತೆ ಗಾಳಿಗೆ ಗೆರೆ ಎಳೆಯುತ್ತಾರೆ.
ಎಳೆಯಲಿ.