ತಪ್ಪು ಸೈರನ್

ಮೂರು ನಿಮಿಷದ ಚಿತ್ರ ಸಾಕು ಅಂದರು ಸಮಿತಿಯವರು,
ಹಿನ್ನೆಲೆಗೆ ತುತ್ತೂರಿ, ಕೊನೆಗೆ ಹಣ ಕೊಟ್ಟವರ ಹೆಸರು.
ಮದುವೆಗಳ ಕ್ಯಾಮೆರಾ ನನ್ನದು. ಯುದ್ಧ ಇದೇ ಮೊದಲು.

ಸ್ಕಾರ್‌ಥ್ವೇಟ್ ಊರಿಗೆ ವರ್ಷಕ್ಕೆರಡು ದಿನ
ಸಾವಿರದೊಂಬೈನೂರ ನಲವತ್ತೊಂದು ಬರುತ್ತದೆ,
ಹತ್ತು ಗಂಟೆಯ ಉಗಿಬಂಡಿಯಲ್ಲಿ.
ಕಿಟಕಿ ಗಾಜಿಗೆಲ್ಲ ಕಾಗದದ ಅಡ್ಡಪಟ್ಟಿ,
ಎಟಿಎಂ ಮುಚ್ಚಲು ಮರಳುಮೂಟೆಯ ಚಿತ್ರ ಬರೆದ ಬಟ್ಟೆ.
ಔಷಧಿ ಅಂಗಡಿಯ ಹುಡುಗಿ ಬರಿಗಾಲ ಮೀನಖಂಡದ ಮೇಲೆ
ಕಾಲುಚೀಲದ ಹೊಲಿಗೆಯನ್ನು ಪೆನ್ಸಿಲಿನಲ್ಲಿ ಎಳೆದುಕೊಂಡು
'ಆಗ ಹೀಗೇ ಮಾಡ್ತಿದ್ರಂತೆ' ಎಂದು ತಿರುಗಿ ತೋರಿಸಿದಳು.

ಮಾಂಸದಂಗಡಿಯ ಓಲ್ಡ್‌ರಾಯ್ಡ್ ಈಗ ಮೇಜರ್.
ಬೆಲ್ಟಿನ ಗಡಿ ದಾಟಿದ ಹೊಟ್ಟೆಯನ್ನು
ಚಿತ್ರದಾಚೆ ಇಡಬೇಕೆಂದು ಗುಟ್ಟಾಗಿ ಕೋರಿಕೆ.
ಲೀಡ್ಸಿನಿಂದ ಬಂದವನೊಬ್ಬ ಜರ್ಮನ್ ಅಧಿಕಾರಿಯ ಕೋಟು ತೊಟ್ಟಿದ್ದ;
ಸೇತುವೆಯ ಬಳಿಯೇ ತಡೆದರು.
ಕಾರಿನೊಳಗೆ ಕೂತು ಹಂದಿಮಾಂಸದ ಪೈ ತಿನ್ನುತ್ತ,
'ಯಾರಾದ್ರೂ ಅವರೂ ಆಗಬೇಕಲ್ಲ' ಅಂದ, ತೊಡೆಯ ಮೇಲೆ ಟೋಪಿ.
ಅದನ್ನೂ ಹಿಡಿದಿಟ್ಟೆ. ಬಳಸುವುದಿಲ್ಲವೆಂದು ಗೊತ್ತಿತ್ತು.

ಎನಿಡ್ ಪಿಕರ್ಸ್‌ಗಿಲ್, ತೊಂಬತ್ತೆರಡು.
ಮೊದಲ ಸಾಲಿನ ಕುರ್ಚಿ, ನೀಲಿ ಟೋಪಿ, ಮಡಿಲಲ್ಲಿ ಫ್ಲಾಸ್ಕು.
ಕಾಲರಿಗೆ ಪುಟ್ಟ ಮೈಕು ಸಿಕ್ಕಿಸಿ ಕೇಳಿದೆ:
ರೇಷನ್ನು, ಸಕ್ಕರೆ, ಬಾಳೆಹಣ್ಣು ಕಾಣದ ಬಾಲ್ಯ.
ಹೇಳಿ ಹೇಳಿ ಸವೆದ ಉತ್ತರಗಳು,
ನಾಣ್ಯದ ಮುಖವೇ ಅಳಿಸಿಹೋದ ಹಾಗೆ.
ಧನ್ಯವಾದ ಹೇಳಿ ಎದ್ದೆ.
ಮೈಕು ತೆಗೆಯಲು ಮರೆತೆ.

ಹನ್ನೊಂದಕ್ಕೆ ಸೈರನ್.
ಕೊರಳಿಗೆ ಹೆಸರಿನ ಚೀಟಿ ಕಟ್ಟಿಕೊಂಡ ಮಕ್ಕಳು
ಕೇಕೆ ಹಾಕುತ್ತ ಚರ್ಚಿನ ನೆಲಮಾಳಿಗೆಗೆ ಓಡಿದರು,
ಫೋನೆತ್ತಿ ಹಿಡಿದ ಅಪ್ಪಂದಿರು ಹಿಂದೆ ಹಿಂದೆ.
ನಿಜಕ್ಕೂ ಹೆದರಿದ್ದು ಒಂದು ನಾಯಿ ಮಾತ್ರ.
ನಾನೂ ಓಡಿದೆ, ಹಿಮ್ಮುಖವಾಗಿ, ಚಿತ್ರ ಅಲುಗದ ಹಾಗೆ,
ವಧುವರರು ಕಲಿಸಿದ ವಿದ್ಯೆ.
ಸಂಜೆ ರೈಲ್ವೆ ಶೆಡ್ಡಿನಲ್ಲಿ ಕುಣಿತ. ಭಾನುವಾರ ಸ್ಮಾರಕಕ್ಕೆ ಹೂಚಕ್ರ,
ಎರಡು ನಿಮಿಷದ ಮೌನದ ನಡುವೆ ಐಸ್‌ಕ್ರೀಮ್ ಗಾಡಿಯ ಗಂಟೆ.

ಸೋಮವಾರ ಕತ್ತರಿಸಲು ಕೂತರೆ
ಎರಡನೆಯ ಟ್ರ್ಯಾಕಿನಲ್ಲಿ ಉಸಿರಾಟ.
ಫ್ಲಾಸ್ಕಿನ ಮುಚ್ಚಳ ತಿರುಗುವ ಸದ್ದು.
ದೂರದಲ್ಲಿ ಸೈರನ್, ಏರದೆ ಇಳಿಯದೆ,
ಶ್ರುತಿ ಹಿಡಿದ ಹಾಗೆ ಒಂದೇ ಸ್ವರ.
ಎನಿಡ್ ಯಾರಿಗೋ ಹೇಳುತ್ತಿದ್ದಾರೆ
(ಚಿತ್ರದಲ್ಲಿ ನೋಡಿದೆ, ಪಕ್ಕದ ಕುರ್ಚಿ ಖಾಲಿ):

'ತಪ್ಪು ಸದ್ದು ಹಾಕಿದಾರೆ.
ಬಂದರು ಅನ್ನೋದು ಏರಿ ಇಳಿದು ಏರ್ತಿತ್ತು.
ಇದು ಹೋದರು ಅನ್ನೋದು. ಹೊರಗೆ ಬನ್ನಿ ಅನ್ನೋದು.
ಅದಕ್ಕೆ ನಾನು ಹೆದರ್ತಿರಲಿಲ್ಲ. ಆಗ ಎಲ್ಲ ಒಟ್ಟಿಗೇ ಇರ್ತಿದ್ವಿ,
ಮೆಟ್ಟಿಲ ಕೆಳಗೆ, ಮೊಣಕಾಲಿಗೆ ಮೊಣಕಾಲು,
ಕತ್ತಲಲ್ಲಿ ಚಿಕ್ಕಮ್ಮ ತನ್ನ ಹಲ್ಲಿನ ಸೆಟ್ಟು ಹುಡುಕ್ತಾ.
ಇದಕ್ಕೇ ಹೆದರ್ತಿದ್ದದ್ದು. ಇದಾದ ಮೇಲೆ ಬಾಗಿಲು ತೆಗೀಬೇಕಿತ್ತು.
ಹಲ್‌ನಲ್ಲಿ, ಆ ಮೇ ತಿಂಗಳು, ತೆಗೆದರೆ
ಎದುರುಮನೆ ಇದ್ದ ಕಡೆ ಬೆಳಕು.'

ಆಮೇಲೆ ಚಹಾ ಬಗ್ಗಿಸಿದ ಸದ್ದು.
'ನನ್ನ ಸ್ಕಿಪ್ಪಿಂಗ್ ಹಗ್ಗ ಐವಿ ಹತ್ತಿರಾನೇ ಇತ್ತು.'

ಓಲ್ಡ್‌ರಾಯ್ಡ್‌ಗೆ ಫೋನು ಮಾಡಿ ಸೈರನ್ ತಪ್ಪಂತೆ ಅಂದೆ.
ಜನಕ್ಕೆ ಗೊತ್ತಾಗಲಿಲ್ಲವಲ್ಲ, ಅಂದ.
ಮಾತನ್ನು ಕತ್ತರಿಸಿದೆ. ತುತ್ತೂರಿ ಹಾಕಿದೆ.
ಮಕ್ಕಳು ಓಡುವಲ್ಲಿ ಮಾತ್ರ ತುತ್ತೂರಿ ತೆಗೆದು
ಹನ್ನೆರಡು ಸೆಕೆಂಡು ಆ ಸ್ವರವನ್ನೇ ಬಿಟ್ಟೆ.
ಪ್ರದರ್ಶನದ ದಿನ ಎಲ್ಲರೂ ಅಲ್ಲೇ ನಕ್ಕರು.

ಗುರುವಾರ ಎನಿಡ್ ಫೋನು:
ಟೋಪಿ ಚೆನ್ನಾಗಿ ಬಂದಿದೆಯಂತಲ್ಲ?
ನಿನ್ನ ಗುಂಡಿಯಂಥದ್ದು ನನ್ನ ಕೋಟಿನಲ್ಲೇ ಉಳಿದಿದೆ, ಬಂದು ಒಯ್ಯಿ.
ತುಸು ತಡೆದು,
ಅದಕ್ಕೆ ಎಷ್ಟು ದೂರದವರೆಗೆ ಕೇಳಿಸುತ್ತೆ?
ಇನ್ನೂರು ಅಡಿ, ಅಂದೆ,
ನಡುವೆ ಗೋಡೆಯಿಲ್ಲದಿದ್ದರೆ.