ಗಂಡಾದರೆ ಒಂದು, ಹೆಣ್ಣಾದರೆ ಎರಡು

ಲಾಂಜೋ ಊರಿನಲ್ಲಿ, ನದಿ ಕಾಣಿಸದ ಕಡೆ,
ನಾಲ್ಕನೇ ಮಹಡಿಯ ಕಿಟಕಿಯಿಲ್ಲದ ಕೋಣೆಯಲ್ಲಿ
ನನ್ನ ಕೆಲಸ ತಲೆ ತೊಳೆಯುವುದು.
ಅದಕ್ಕೂ ಮೊದಲು ಟೋಪಿ ತೊಡಿಸುವುದು:
ಅರವತ್ತನಾಲ್ಕು ತೂತು, ತೂತಿಗೊಂದು ತೊಟ್ಟು ಜೆಲ್,
ತೊಟ್ಟಿಗೊಂದು ತಂತಿ.
ಆಮೇಲೆ ಪರದೆಯ ಮೇಲೆ ಚೀನಿ ವಾಕ್ಯ
ಒಂದೊಂದೇ ಪದವಾಗಿ ಬರುತ್ತದೆ,
ತಲೆಯೊಳಗೆ ಅಲೆಯೇಳುತ್ತದೆ, ಇತ್ತ ಗೆರೆಯಾಗುತ್ತದೆ.

ಓದುವವರು ಹೊರಗಿನವರು,
ದುಶಾಂಬೆಯಿಂದ, ಓಶ್‌ನಿಂದ, ಉಲಾನ್‌ಬಾತರಿನಿಂದ ಬಂದವರು.
ಫಾರಮಿನ ಮೂರನೇ ಕಲಂ:
ಗಂಡಾದರೆ ಒಂದು, ಹೆಣ್ಣಾದರೆ ಎರಡು.
ಡಾಕ್ಟರ್ ಶಾವ್‌ಗೆ ಬೇಕಾದ್ದು ಇಷ್ಟೇ:
ಪರನುಡಿಯ ವಾಕ್ಯದ ಕಟ್ಟು ತಪ್ಪಿದಾಗ
ಮೊದಲು ಬೆಚ್ಚುವುದು ಒಂದೋ, ಎರಡೋ?

'ಬಾ' ಅಂತ ಒಂದು ಸಣ್ಣ ಪದ.
ಬಾ ಎಂದರೆ ಸಾಕು, ಹಿಂದಿದ್ದ ಕರ್ಮ
ಕರೆದವರಂತೆ ಬಂದು ಕ್ರಿಯಾಪದದ ಮುಂದೆ ನಿಲ್ಲುತ್ತದೆ.
ಅವನು ಬಾ ಲೋಟ ಒಡೆದುಹಾಕಿದ. ಇದು ಸರಿ.
ಅವನು ಬಾ ಲೋಟ ನೋಡಿದ. ಇದು ತಪ್ಪು.
ಬಂದ ಲೋಟಕ್ಕೆ ಏನಾದರೂ ಆಗಬೇಕು,
ಒಡೆಯಬೇಕು, ತುಂಬಬೇಕು, ಕಳೆದಾದರೂ ಹೋಗಬೇಕು.
ಬರೀ ನೋಡಿದರೆ ಸಾಲದು.
ಮೆಚ್ಚಿಕೊಂಡರೂ ಸಾಲದು.

ಬುರುಲಾಯ್‌ಗೆ ಸೊಂಟದವರೆಗೆ ಕೂದಲು, ಎರಡು ಜಡೆ.
ಟೋಪಿ ಕೂರಲು ನಲವತ್ತು ನಿಮಿಷ.
ತಪ್ಪು ವಾಕ್ಯ ಬಂದಾಗ ಗೆರೆ ಚಂಗನೆ ನೆಗೆಯಿತು.
ಹನ್ನೆರಡನೇ ವಯಸ್ಸಿನಿಂದ ಅಮ್ಮನ ಅಂಗಡಿಯಲ್ಲಿ
ಸಗಟು ವ್ಯಾಪಾರಿಗಳ ಜೊತೆ ಚೌಕಾಸಿ ಮಾಡಿದವಳು:
"ಒಂದು ಪದ ಹಿಂದುಮುಂದಾದರೆ
ನಲವತ್ತು ಜೊತೆ ಚಪ್ಪಲಿ ಹೋದವೆಂದೇ ಲೆಕ್ಕ."

ಸಯ್‌ಮುಮಿನ್‌ನದು ಬೋಳಿಸಿದಂಥ ತಲೆ, ಹತ್ತೇ ನಿಮಿಷ.
ಅವನ ಗೆರೆ ಅಲುಗಲಿಲ್ಲ.
ತಪ್ಪು ಕಾಣಲಿಲ್ಲವಾ ಅಂದೆ.
"ಕಂಡಿತು. ಪಾಪ, ಏನೋ ಹೇಳಲು ಬಂದವರು,
ಅರ್ಥವಾಯಿತಲ್ಲ" ಅಂದ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು.
ಗಾನ್‌ಸುಖ್ ಬಂದ. ಎತ್ತಿನಂಥ ಆಳು.
ಅವನ ಗೆರೆ ಬುರುಲಾಯ್‌ಳದಕ್ಕಿಂತ ಎತ್ತರ,
ಕೆಲವೊಮ್ಮೆ ಪದ ಬರುವ ಮೊದಲೇ.
ಅವರಪ್ಪನಿಗೆ ತೊದಲು.
ಮನೆಯಲ್ಲಿ ಪ್ರತಿ ವಾಕ್ಯವನ್ನೂ
ಇವನೇ ಮುಗಿಸಬೇಕಿತ್ತಂತೆ.

ಅಪ್ಪನ ತೊದಲು ಯಾವ ಕಲಮಿಗೆ ಸೇರುತ್ತದೆ?
ಚಪ್ಪಲಿ?
ಕೂದಲು ದಟ್ಟವಿದ್ದರೆ ಗೆರೆ ಸುಮ್ಮನೆ ನಡುಗುತ್ತದೆ,
ಅದು ನನಗೆ ಗೊತ್ತು, ಬೆರಳಿಗೆ ಗೊತ್ತು.
ಡಾಕ್ಟರ್ ಶಾವ್ ನಕ್ಕು, ಇನ್ನೂ ನಲವತ್ತು ತಲೆ ಬೇಕು ಅಂದರು.
ಕಿವಿಗೆ ನಮ್ಮಲ್ಲಿ ಅವನೂ ತಾ, ಅವಳೂ ತಾ;
ಬರೆಯಲು ಕೂತಾಗಲೇ ಬೇರೆಯಾಗುತ್ತಾರೆ.

ಸಂಜೆ ಬುರುಲಾಯ್ ತೊಟ್ಟಿಯ ಮೇಲೆ ಬಾಗಿದ್ದಳು.
ಬೆಚ್ಚನೆಯ ನೀರು, ಜೆಲ್ ಲೋಳೆಲೋಳೆಯಾಗಿ
ಜಾಲರಿಯ ಬಾಯಲ್ಲಿ ಸಿಕ್ಕಿಕೊಳ್ಳುತ್ತಿತ್ತು.
ಥ್ಯಾಂಕ್ಸ್ ಹೇಳಲು ಹೊರಟಳೇನೋ:
"ನೀವು ಬಾ ನನ್ನ ಕೂದಲು..."
ಅಷ್ಟರಲ್ಲಿ ಕಣ್ಣಿಗೆ ನೊರೆ ಹೋಯಿತು.

ಕೂದಲು ಬಂದು ಕಾಯುತ್ತಿದೆ,
ಅದಕ್ಕೆ ಏನಾಯಿತೆಂದು ಬರಲೇ ಇಲ್ಲ.
ನನ್ನ ತಲೆಯಲ್ಲೂ ಒಂದು ಅಲೆ ಎದ್ದಿರಬೇಕು.
ನನಗೆ ಟೋಪಿಯಿರಲಿಲ್ಲ.
ನಾನು ಒಂದೋ ಎರಡೋ, ಯಾರೂ ಬರೆದುಕೊಳ್ಳಲಿಲ್ಲ.