ಕಾಸಗಲ

ಸುಂಟಿಕೊಪ್ಪದ ಶೆಡ್ಡಿನಲ್ಲಿ ಮೂರನೇ ದಿನ.
ಚಿಟ್ಟಿಯಪ್ಪನ ಹಳೇ ಬೆಡ್‌ಫೋರ್ಡ್
ಚಾರ್ಜು ಹಿಡಿಯುತ್ತಿಲ್ಲ.
ಡೈನಮೋ ಬಿಚ್ಚಿ ಕಾರ್ಬನ್ ಬದಲಿಸಿದೆ,
ಕಟೌಟಿಗೆ ಉಪ್ಪುಕಾಗದ ಉಜ್ಜಿದೆ,
ಆಂಪಿಯರ್ ಮುಳ್ಳು
ಎಡಕ್ಕೆ ವಾಲಿದ್ದು ವಾಲಿದ್ದೇ.

ಮೊಯ್ದುಟ್ಟಿಕಾಕ ಬೀಡಿಯನ್ನು ಕಿವಿಗೆ ಸಿಕ್ಕಿಸಿ
ತುಂಡು ವಯರೊಂದು ತಂದ.
ಒಂದು ತುದಿ ಡೈನಮೋ ಮೈಗೆ,
ಇನ್ನೊಂದು ಬ್ಯಾಟರಿಯ ಅರ್ತ್ ಟರ್ಮಿನಲ್ಲಿಗೆ.
ಮುಳ್ಳು ಎದ್ದಿತು.

‘ಕರೆಂಟು ಹೋಗೋ ದಾರೀನೇ ನೋಡ್ತಾ ಕೂತಿದ್ದೀಯಲ್ಲಾ,
ವಾಪಸ್ ಬರೋದು ಎಲ್ಲಿಂದ?’

ಅಡಿಗೆ ತೂರಿ ಟಾರ್ಚು ಬಿಟ್ಟೆ.
ಕೈಲ್ ಪೊಳ್ದಿಗೆಂದು ಚಿಟ್ಟಿಯಪ್ಪ ತಾನೇ ಕೂತು
ಚಾಸಿಗೆ ಬಳಿದ ಹಸಿರು ಪೇಂಟು, ಮೂರು ಕೋಟು,
ಅರ್ತ್ ಪಟ್ಟಿಯ ಬೋಲ್ಟಿನಡಿಯೂ.
ಅಷ್ಟು ಪ್ರೀತಿ.
ಕಬ್ಬಿಣಕ್ಕೆ ಕಬ್ಬಿಣ ತಾಗದಷ್ಟು.

ಕಾಸಗಲ ಕೆರೆದೆ.
ಅವನು ಆ ಕಡೆ ತಿರುಗಿ ನಿಂತಿದ್ದ.